ಆರು ರನ್ನಿನ ಸೋಲು

ಆಟಕ್ಕೆ ವಿಮರ್ಶೆ ಉಂಟೇ? ಕಾವ್ಯಕ್ಕೆ ಉಂಟು, ನಾಟಕಕ್ಕೆ ಉಂಟು, ಸಂಗೀತದ ಕಚೇರಿಗೂ ಉಂಟು. ಆಟಕ್ಕೆ ಮಾತ್ರ ವರದಿ ಸಾಕೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಯಾರು ಗೆದ್ದರು, ಎಷ್ಟರಿಂದ ಗೆದ್ದರು ಎಂಬುದು ತಿಳಿದೊಡನೆ ಕುತೂಹಲ ತಣಿಯುತ್ತದೆ. ಕಾಗದ ರದ್ದಿಗೆ ಹೋಗುತ್ತದೆ. ಆದರೆ ಕೆಲವು ಆಟಗಳು ಹೀಗೆ ರದ್ದಿಗೆ ಹೋಗಲು ಒಪ್ಪುವುದಿಲ್ಲ. ವರ್ಷಗಳು ಉರುಳಿದರೂ ಜನ ಅವನ್ನು ಮತ್ತೆ ಮತ್ತೆ ಹೇಳುತ್ತಾರೆ. ಹೇಳುವವನೂ ಕೇಳುವವನೂ ತಮಗರಿಯದಂತೆ ಅದಕ್ಕೊಂದು ಅರ್ಥ ಹಚ್ಚುತ್ತಾರೆ. ಅರ್ಥ ಹಚ್ಚುವ ಕೆಲಸ ಎಲ್ಲಿ ಸುರುವಾಯಿತೋ ಅಲ್ಲಿ ವಿಮರ್ಶೆಯ ಕೆಲಸವೂ ಸುರುವಾಯಿತು. ಏಕೆಂದರೆ ಹಚ್ಚಿದ ಅರ್ಥ ಸರಿಯಾದದ್ದೂ ಇರಬಹುದು, ತಪ್ಪಾದದ್ದೂ ಇರಬಹುದು. ಎರಡನ್ನೂ ಬೇರ್ಪಡಿಸುವವರು ಯಾರಾದರೂ ಬೇಕಷ್ಟೇ.

ಅಂಥದೊಂದು ಆಟ ೨೦೧೦ನೆಯ ಇಸವಿಯ ಜನವರಿ ೧೧ರಿಂದ ೧೪ರವರೆಗೆ ಮೈಸೂರಿನಲ್ಲಿ ನಡೆಯಿತು. ಅದು ರಣಜಿ ಟ್ರೋಫಿಯ ಅಂತಿಮ ಪಂದ್ಯ. ಒಂದು ಕಡೆ ಕರ್ನಾಟಕ, ಇನ್ನೊಂದು ಕಡೆ ಮುಂಬಯಿ. ನಾಲ್ಕನೆಯ ದಿನ ಕರ್ನಾಟಕ ಆರು ರನ್ನುಗಳಿಂದ ಸೋತಿತು. ಅಂದು ಮಕರಸಂಕ್ರಮಣ. ನಮ್ಮ ಮುರಗೋಡದ ಸುತ್ತಿನ ಜನಕ್ಕೆ ಅದು ಬುತ್ತಿ ಕಟ್ಟಿಕೊಂಡು ಮಲಪ್ರಭೆಯ ದಂಡೆಗೆ ಹೋಗುವ ದಿನ. ಸಜ್ಜಿಯ ರೊಟ್ಟಿ, ಎಣ್ಣೆಗಾಯಿ ಪಲ್ಲೆ, ಶೇಂಗಾದ ಹೋಳಿಗೆ, ಕೊನೆಗೆ ಎಳ್ಳು-ಬೆಲ್ಲ. ಆ ವರ್ಷದ ಎಳ್ಳು-ಬೆಲ್ಲ ಕ್ರಿಕೆಟ್ಟಿನ ಹುಚ್ಚಿದ್ದವರಿಗೆ ಸ್ವಲ್ಪ ಕಹಿಯಾಗಿಯೇ ಇತ್ತು.

ಆ ಪಂದ್ಯದ ಮಾತು ನಮ್ಮ ಕಡೆಯ ಕಟ್ಟೆಗಳ ಮೇಲೆ ಇಂದಿಗೂ ಒಮ್ಮೊಮ್ಮೆ ಏಳುವುದುಂಟು. ಎದ್ದಾಗಲೆಲ್ಲ ಎರಡು ವ್ಯಾಖ್ಯಾನಗಳು ಸಿದ್ಧವಾಗಿರುತ್ತವೆ. ಒಂದು: “ನಸೀಬ ಇರಲಿಲ್ಲರೀ, ಆರ ರನ್ನಿನಾಗ ಹೋತು.” ಇನ್ನೊಂದು: “ಮುಂಬಯಿಯವ್ರು ನಮಗ ಯಾವಾಗ ಬಿಟ್ಟಕೊಟ್ಟಾರ?” ಮೊದಲನೆಯದು ದೈವವಾದ, ಎರಡನೆಯದು ವೈರವಾದ. ಇವೆರಡೂ ಆ ಪಂದ್ಯವನ್ನು ಓದುವ ಸರಿಯಾದ ರೀತಿಗಳಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

೧

ಮೊದಲು ಕಥೆಯನ್ನು ಕ್ರಮವಾಗಿ ನೆನೆಯೋಣ. ವಸ್ತುವನ್ನು ಬಿಟ್ಟು ರಸದ ಮಾತಿಗೆ ಹೋಗುವುದು ವಿಮರ್ಶಕರ ಹಳೆಯ ಚಟ. ಅದಕ್ಕೆ ಇಲ್ಲಿ ಅವಕಾಶ ಕೊಡಬಾರದು.

ಸ್ಥಳ ಮೈಸೂರು ವಿಶ್ವವಿದ್ಯಾನಿಲಯದ ಗಂಗೋತ್ರಿ ಗ್ಲೇಡ್ಸ್ ಮೈದಾನ. ಕುವೆಂಪು ಅವರು ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟ ಆವರಣಕ್ಕೆ ಸೇರಿದ್ದು. ಮೊದಲು ಬ್ಯಾಟು ಹಿಡಿದ ಮುಂಬಯಿ ೨೩೩ ರನ್ ಮಾಡಿತು. ಇದೇನೂ ದೊಡ್ಡ ಮೊತ್ತವಲ್ಲ. ರಣಜಿಯ ಅಂತಿಮ ಪಂದ್ಯದಲ್ಲಿ ಇಷ್ಟಕ್ಕೆ ಎದುರಾಳಿಯನ್ನು ಕಟ್ಟಿಹಾಕಿದ ತಂಡ ಸಂತೋಷಪಡಬೇಕು. ಆದರೆ ಉತ್ತರವಾಗಿ ಕರ್ನಾಟಕ ೧೩೦ ರನ್ನಿಗೆ ಕುಸಿಯಿತು. ೧೦೩ ರನ್ನುಗಳ ಹಿನ್ನಡೆ. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬಿನ್ನಹ. ಮುಂದೆ ಇದಕ್ಕೆ ಕೆಲಸವಿದೆ.

ಎರಡನೆಯ ಸರದಿಯಲ್ಲಿ ಕಥೆ ತಿರುಗಿತು. ಆ ಋತುವಿನಲ್ಲಷ್ಟೇ ರಣಜಿಗೆ ಕಾಲಿಟ್ಟಿದ್ದ ಇಪ್ಪತ್ತು ವರ್ಷದ ವೇಗದ ಎಸೆತಗಾರ ಅಭಿಮನ್ಯು ಮಿಥುನ್ ಆರು ವಿಕೆಟ್ ಕಿತ್ತ. ಆಗ ಮುಂಬಯಿಯನ್ನು ಎತ್ತಿ ನಿಲ್ಲಿಸಿದವನು ಹೆಸರಾಂತ ದಾಂಡಿಗನಲ್ಲ, ಚೆಂಡೆಸೆಯುವುದಕ್ಕೆಂದೇ ತಂಡದಲ್ಲಿದ್ದ ಧವಳ ಕುಲಕರ್ಣಿ. ಅವನ ೮೭ ರನ್ನಿನ ಬಲದಿಂದ ಮುಂಬಯಿ ೨೩೪ಕ್ಕೆ ಮುಟ್ಟಿತು. ಕರ್ನಾಟಕ ಗೆಲ್ಲಬೇಕಾದರೆ ೩೩೮ ಬೇಕು. ನಾಲ್ಕನೆಯ ಸರದಿಯಲ್ಲಿ, ಸವೆದ ಅಂಗಳದ ಮೇಲೆ, ಮೊದಲ ಸರದಿಯಲ್ಲಿ ೧೩೦ಕ್ಕೆ ಉರುಳಿದ ತಂಡಕ್ಕೆ ೩೩೮ ಎಂದರೆ ಅದು ಗುರಿಯಲ್ಲ, ಗೋಡೆ.

ಆ ಗೋಡೆಯನ್ನು ಇಬ್ಬರು ಹತ್ತತೊಡಗಿದರು: ಮನೀಶ ಪಾಂಡೆ ಮತ್ತು ಗಣೇಶ ಸತೀಶ. ಇಬ್ಬರೂ ಹರಯದ ಹುಡುಗರು. ಇಬ್ಬರೂ ಕೂಡಿ ೨೦೯ ರನ್ನುಗಳ ಜೊತೆಯಾಟ ಕಟ್ಟಿದರು. ಪಾಂಡೆ ೧೪೪, ಸತೀಶ ೭೫. ನೋಡುತ್ತಿದ್ದವರಿಗೆ ಅಸಾಧ್ಯವೆಂದು ಕಂಡದ್ದು ಸಾಧ್ಯವೆನಿಸಿ, ಸಾಧ್ಯವಾದದ್ದು ಸಮೀಪವೆನಿಸಿತು. ಜೊತೆ ಮುರಿದ ಮೇಲೆ ಅಜಿತ ಅಗರಕರ ಹಳೆಯ ಹುಲಿಯಂತೆ ಮೇಲೆ ಬಿದ್ದ; ಐದು ವಿಕೆಟ್ ಅವನ ಪಾಲಾದವು. ಒಬ್ಬೊಬ್ಬರಾಗಿ ಹಿಂದಿರುಗಿದರು. ಕೊನೆಯವನು ಹಿಂದಿರುಗಿದಾಗ ಹಲಗೆಯ ಮೇಲೆ ೩೩೧ ಇತ್ತು. ಮುಂಬಯಿ ಮೂವತ್ತೊಂಬತ್ತನೆಯ ಸಲ ರಣಜಿ ಟ್ರೋಫಿಯನ್ನು ಎತ್ತಿಕೊಂಡಿತು.

೨

ಈಗ ದೈವವಾದಕ್ಕೆ ಬರೋಣ. ಆರು ರನ್ನೆಂದರೆ ಏನು? ಒಂದು ಚೆಂಡು ಗೆರೆಯ ಆಚೆ ಗಾಳಿಯಲ್ಲಿ ದಾಟಿದರೆ ಆರು. ಇಷ್ಟು ಸಣ್ಣ ಅಂತರವನ್ನು ಕಂಡಾಗ ಮನಸ್ಸು ಸಹಜವಾಗಿ ಸಣ್ಣ ಕಾರಣವನ್ನು ಹುಡುಕುತ್ತದೆ. ಆ ಒಂದು ಚೆಂಡು ಅಂಚಿಗೆ ತಾಗದಿದ್ದರೆ! ಆ ಒಂದು ಓಟ ಓಡಿದ್ದರೆ! ಹೀಗೆ ಕೊನೆಯ ಅರ್ಧ ತಾಸಿನೊಳಗೇ ನಾಲ್ಕು ದಿನಗಳ ಕಥೆಯನ್ನು ತುರುಕಿ, ಅದಕ್ಕೆ ನಸೀಬಿನ ಬೀಗ ಹಾಕುತ್ತೇವೆ.

ನಮ್ಮ ಕಡೆಯ ಕುಸ್ತಿಯ ಕಣದಲ್ಲಿ ಇಂಥ ಮಾತು ನಡೆಯುವುದಿಲ್ಲ. ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಜಂಗಿ ನಿಕಾಲಿ ಕುಸ್ತಿ ನೋಡಿದವರಿಗೆ ಇದು ಗೊತ್ತು. ಹಲಗಿಯ ಸಪ್ಪಳಕ್ಕೆ ಹುಡುಗರು ಕೇಕೆ ಹಾಕುತ್ತಾರೆ. ಆದರೆ ಕಣದ ಅಂಚಿಗೆ ರುಮಾಲು ಸುತ್ತಿ ಕೂತ ಮುದುಕ ಪೈಲವಾನರು ಕೇಕೆ ಹಾಕುವುದಿಲ್ಲ. ಅವರ ಲಕ್ಷ್ಯ ಬೇರೆ. ಒಬ್ಬ ಚಿತ್ತಾಗಿ ಬಿದ್ದ ಕೂಡಲೆ ಅವರು ಬಿದ್ದ ಗಳಿಗೆಯನ್ನು ಕುರಿತು ಮಾತಾಡುವುದೇ ಇಲ್ಲ. “ಆಗಲೇ ಎಡಗಾಲು ಮುಂದ ಇಟ್ಟಾಗ ಕುಸ್ತಿ ಹೋತು” ಎನ್ನುತ್ತಾರೆ. ಅದು ಹತ್ತು ನಿಮಿಷದ ಹಿಂದಿನ ಮಾತು. ನಾವು ನೋಡಿದ್ದು ಬೀಳುವುದನ್ನು. ಅವರು ನೋಡಿದ್ದು ಬೀಳುವುದಕ್ಕೆ ಸುರುವಾದದ್ದನ್ನು. ಇದು ವಿಮರ್ಶೆಯಲ್ಲದೆ ಮತ್ತೇನು? ಅಕ್ಷರ ಬಾರದ ಎಷ್ಟೋ ಜನರಲ್ಲಿ ಈ ದೃಷ್ಟಿ ಇದೆ. ಪತ್ರಿಕೆ ಓದುವ ನಮ್ಮಲ್ಲಿ ಅದು ಮಂದವಾಗಿದೆ.

ಆ ಮುದುಕರ ಕಣ್ಣಿನಿಂದ ಮೈಸೂರಿನ ಪಂದ್ಯವನ್ನು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಕರ್ನಾಟಕ ಸೋತದ್ದು ಆರು ರನ್ನಿನಿಂದಲ್ಲ. ಮೊದಲ ಸರದಿಯಲ್ಲಿ ಕಳೆದುಕೊಂಡ ನೂರಮೂರು ರನ್ನಿನಿಂದ. ಎರಡನೆಯ ಸರದಿಗಳನ್ನಷ್ಟೇ ಎದುರೆದುರು ಇಟ್ಟು ನೋಡಿರಿ: ಮುಂಬಯಿ ೨೩೪, ಕರ್ನಾಟಕ ೩೩೧. ಅಲ್ಲಿ ಕರ್ನಾಟಕವೇ ೯೭ ರನ್ ಮುಂದಿದೆ. ನೂರಮೂರರ ಸಾಲದಲ್ಲಿ ತೊಂಬತ್ತೇಳನ್ನು ತೀರಿಸಿ ಆರು ಉಳಿಸಿಕೊಂಡ ಕಥೆ ಇದು. ‘ಆರರಿಂದ ಸೋತರು’ ಎಂದಾಗ ನಮಗೆ ಕಾಣುವುದು ಕೈಗೆ ಬಂದ ತುತ್ತು ಬಾಯಿಗೆ ಬಾರದ ದುರ್ದೈವ. ‘ತೊಂಬತ್ತೇಳನ್ನು ತೀರಿಸಿದರು’ ಎಂದಾಗ ಕಾಣುವುದು ಸಾಹಸ. ಅಂಕಿ ಅದೇ, ಪಂದ್ಯ ಅದೇ. ಓದುವ ಬಗೆ ಬದಲಾದೊಡನೆ ಅಳುವ ಕಥೆ ಮೈ ನವಿರೇಳಿಸುವ ಕಥೆಯಾಯಿತು. ನಸೀಬಿನ ಮಾತು ಆಡುವವರು ಸೋಲನ್ನು ಸಮಾಧಾನಪಡಿಸುತ್ತೇವೆಂದು ತಿಳಿದಿದ್ದಾರೆ. ನಿಜವಾಗಿ ಅವರು ತಪ್ಪು ಮಾಡಿದವರ ತಪ್ಪನ್ನೂ ಕಸಿದುಕೊಳ್ಳುತ್ತಾರೆ, ಸಾಹಸ ಮಾಡಿದವರ ಸಾಹಸವನ್ನೂ ಕಸಿದುಕೊಳ್ಳುತ್ತಾರೆ. ದೈವವೇ ಎಲ್ಲ ಮಾಡಿತೆಂದ ಮೇಲೆ ಪಾಂಡೆಯ ನೂರನಾಲ್ವತ್ತನಾಲ್ಕಕ್ಕೆ ಬೆಲೆ ಎಲ್ಲಿಯದು?

ಸೋಲಿಗೆ ಹೊರಗಿನ ಕಾರಣ ಹುಡುಕುವ ಈ ಅಭ್ಯಾಸ ನಮಗೆ ಎಲ್ಲಿಂದ ಬಂತು ಎಂದು ನಾನು ಎಷ್ಟೋ ಸಲ ವಿಚಾರ ಮಾಡಿದ್ದೇನೆ. ನಮ್ಮದು ಸೋತವರನ್ನು ಹಾಡಿದ ಸೀಮೆ. ೧೮೨೪ರ ಅಕ್ಟೋಬರಿನಲ್ಲಿ ಕಿತ್ತೂರು ಗೆದ್ದಿತು, ಥ್ಯಾಕರೆ ಬಿದ್ದ. ಅದೇ ಡಿಸೆಂಬರಿನಲ್ಲಿ ಕೋಟೆ ಕೈತಪ್ಪಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು ೧೮೩೧ರಲ್ಲಿ ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಇವರನ್ನು ಕುರಿತ ಲಾವಣಿಗಳನ್ನು ಕೇಳುತ್ತ ನಾವು ಬೆಳೆದೆವು. ಮದ್ದಿನಲ್ಲಿ ಸಗಣಿ ಬೆರೆಸಿದರು, ಒಳಗಿನವರೇ ಮೋಸ ಮಾಡಿದರು ಎಂಬುದು ಜನರ ಬಾಯಲ್ಲಿ ಉಳಿದ ಕಥನ. ಯುದ್ಧಕ್ಕೂ ಆಟಕ್ಕೂ ಹೋಲಿಕೆಯಿಲ್ಲ. ಅಲ್ಲಿ ಜೀವ ಹೋಗಿದೆ, ರಾಜ್ಯ ಹೋಗಿದೆ. ಆದರೆ ಕಿವಿಗೆ ಒಮ್ಮೆ ಹತ್ತಿದ ರುಚಿ ಬೇಗ ಬಿಡುವುದಿಲ್ಲ. ಸೋಲೆಂದೊಡನೆ ‘ಮೋಸ ಮಾಡಿದವರು ಯಾರು?’ ಎಂದು ನಾವು ಕೇಳುತ್ತೇವೆ. ಮೈಸೂರಿನ ಪಂದ್ಯದಲ್ಲಿ ಮೋಸಗಾರನ ಪಾತ್ರವೇ ಇಲ್ಲ. ಪಾತ್ರ ಸಿಗದಾಗ ಅದನ್ನು ನಸೀಬಿಗೆ ಹಂಚುತ್ತೇವೆ. ಅದೂ ಸಾಲದಾದಾಗ ಮುಂಬಯಿಗೆ ಹಂಚುತ್ತೇವೆ.

೩

ಇದರಿಂದ ವೈರವಾದಕ್ಕೆ ಬಂದೆವು. ಇದು ದೈವವಾದಕ್ಕಿಂತ ಹೆಚ್ಚು ಅಪಾಯದ್ದು. ಏಕೆಂದರೆ ಇದರಲ್ಲಿ ಚರಿತ್ರೆಯ ಒಂದು ತುಣುಕು ಸೇರಿಕೊಂಡಿದೆ.

ಮುರಗೋಡಕ್ಕೆ ಮೈಸೂರೂ ಮುಂಬಯಿಯೂ ಹೆಚ್ಚುಕಡಿಮೆ ಅಷ್ಟಷ್ಟೇ ದೂರ. ೧೯೫೬ರ ನವೆಂಬರ್ ಒಂದರವರೆಗೆ ನಮ್ಮ ರಾಜಧಾನಿ ಮುಂಬಯಿ. ಕೋರ್ಟಿನ ಕಾಗದ ಅಲ್ಲಿಗೆ, ಸರಕಾರಿ ಅರ್ಜಿ ಅಲ್ಲಿಗೆ, ಪರೀಕ್ಷೆಯ ಉತ್ತರಪತ್ರಿಕೆ ಕೂಡ ಬಹುಕಾಲ ಅಲ್ಲಿಗೆ. ನಮ್ಮ ಕರ್ನಾಟಕ ವಿಶ್ವವಿದ್ಯಾನಿಲಯ ಸಹ ೧೯೪೯ರಲ್ಲಿ ಮುಂಬಯಿಯಲ್ಲಿಯೇ ಹುಟ್ಟಿ ಮರುವರ್ಷ ಧಾರವಾಡಕ್ಕೆ ಬಂದದ್ದು. ಆ ದೊಡ್ಡ ಪ್ರಾಂತದಲ್ಲಿ ಕನ್ನಡಿಗರು ಮೂಲೆಯಲ್ಲಿ ಕೂತ ನಂಟರಂತೆ ಇದ್ದರೆಂಬುದು ಸುಳ್ಳಲ್ಲ. ಏಕೀಕರಣದ ಚಳವಳಿಗೆ ಕಾವು ಕೊಟ್ಟದ್ದು ಆ ಸಂಕಟವೇ. ಮುಂದೆ ಗಡಿಯ ತಕರಾರು ಬಂತು. ೧೯೬೬ರಲ್ಲಿ ಮಹಾಜನ ಆಯೋಗ ನೇಮಕವಾಯಿತು, ಮರುವರ್ಷ ಅದರ ವರದಿ ಬಂತು, ತಕರಾರು ನಿಲ್ಲಲಿಲ್ಲ, ೨೦೦೪ರಲ್ಲಿ ಅದು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಇಷ್ಟೆಲ್ಲ ಮನಸ್ಸಿನಲ್ಲಿದ್ದವನಿಗೆ ಕರ್ನಾಟಕ-ಮುಂಬಯಿಗಳ ಪಂದ್ಯ ಕೇವಲ ಪಂದ್ಯವಾಗಿ ಕಾಣುವುದು ಕಷ್ಟ. ಚೆಂಡು ಗೆರೆ ದಾಟಿದರೆ ಗಡಿಯನ್ನೇ ದಾಟಿಸಿದ ಹೆಮ್ಮೆ. ವಿಕೆಟ್ ಬಿದ್ದರೆ ಊರೊಂದು ಕೈಬಿಟ್ಟ ದುಃಖ.

ಹೀಗೆ ಓದುವವರ ನೋವನ್ನು ನಾನು ಅಲ್ಲಗಳೆಯಲಾರೆ. ಆದರೆ ಓದು ತಪ್ಪು. ಪಂದ್ಯವೇ ಅದನ್ನು ಅಲ್ಲಗಳೆಯುತ್ತದೆ. ಕರ್ನಾಟಕದ ಕೈಯಿಂದ ಟ್ರೋಫಿಯನ್ನು ದೂರ ಒಯ್ದ ಆ ೮೭ ರನ್ನುಗಳ ಒಡೆಯನ ಅಡ್ಡಹೆಸರನ್ನು ನೋಡಿರಿ: ಕುಲಕರ್ಣಿ! ಬೈಲಹೊಂಗಲದಿಂದ ರಾಮದುರ್ಗದವರೆಗೆ ಆ ಅಡ್ಡಹೆಸರಿನ ಮನೆಗಳು ಎಷ್ಟಿಲ್ಲ? ಊರಿನ ಲೆಕ್ಕ ಬರೆಯುವ ಆ ಕೆಲಸ ಕನ್ನಡದ ಹಳ್ಳಿಗೂ ಮರಾಠಿಯ ಹಳ್ಳಿಗೂ ಒಂದೇ ಆಗಿತ್ತು; ಹೆಸರೂ ಒಂದೇ ಆಯಿತು. ಇನ್ನು ಕರ್ನಾಟಕದ ಮಾನ ಉಳಿಸಿದ ಮನೀಶ ಪಾಂಡೆ ಹುಟ್ಟಿದ್ದು ಹಿಮಾಲಯದ ತಪ್ಪಲಿನ ನೈನಿತಾಲದಲ್ಲಿ. ರಕ್ತದ ಲೆಕ್ಕ ಹಿಡಿದರೆ ಈ ಕಥೆಯಲ್ಲಿ ನಮ್ಮವನು ಯಾರು, ಹೊರಗಿನವನು ಯಾರು? ಆಟದಲ್ಲಿ ‘ನಮ್ಮವನು’ ಎಂಬ ಪದವಿ ಹುಟ್ಟಿನಿಂದ ಬರುವುದಲ್ಲ. ಯಾರ ಪರವಾಗಿ ಬೆವರು ಸುರಿಸಿದನೋ ಅವರ ಪ್ರೀತಿಯಿಂದ ಬರುವುದು. ಗಡಿಯ ವಾದಕ್ಕೆ ಇಂಥ ಉದಾರತೆ ಇಲ್ಲ. ಆದ್ದರಿಂದ ಆ ವಾದದ ಅಳತೆಗೋಲಿನಿಂದ ಈ ಪಂದ್ಯವನ್ನು ಅಳೆಯುವುದು, ನೀರನ್ನು ಗಜದಿಂದ ಅಳೆದಂತೆ.

ಮತ್ತೊಂದು ಮಾತನ್ನೂ ಹೇಳಬೇಕು. ಮುಂಬಯಿಯನ್ನು ಕೇವಲ ವೈರಿಯೆಂದು ಕಾಣುವವನಿಗೆ ಮುಂಬಯಿಯ ಮೇಲಿನ ಗೆಲುವಿನ ಬೆಲೆಯೂ ತಿಳಿಯಲಾರದು. ೧೯೭೪ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯವನ್ನು ನೆನೆಯಿರಿ. ೧೯೫೮-೫೯ರಿಂದ ೧೯೭೨-೭೩ರವರೆಗೆ ಹದಿನೈದು ವರ್ಷ ಒಂದೇ ಸವನೆ ಮುಂಬಯಿಯೇ ರಣಜಿ ಟ್ರೋಫಿಯನ್ನು ಇಟ್ಟುಕೊಂಡಿತ್ತು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಇನ್ನೂ ಅರ್ಧ ವರ್ಷವೂ ಆಗಿರಲಿಲ್ಲ. ಗುಂಡಪ್ಪ ವಿಶ್ವನಾಥ ೧೬೨, ಬ್ರಿಜೇಶ ಪಟೇಲ ೧೦೬. ಕರ್ನಾಟಕ ಒಟ್ಟು ೩೮೫. ಪ್ರಸನ್ನನ ಚೆಂಡು ಗಾವಸ್ಕರನ ಬೇಲನ್ನು ಹಾರಿಸಿತು. ಮುಂಬಯಿ ೩೦೭ಕ್ಕೆ ನಿಂತಿತು. ಆ ಮೊದಲ ಸರದಿಯ ಮುನ್ನಡೆಯೇ ಪಂದ್ಯವನ್ನು ತೀರ್ಮಾನಿಸಿತು. ಮುಂದೆ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ಟ್ರೋಫಿ ಗೆದ್ದಿತು. ಆ ಗೆಲುವು ಸಿಹಿಯಾದದ್ದೇಕೆ? ಮುಂಬಯಿ ಕೆಟ್ಟದ್ದೆಂದಲ್ಲ, ಮುಂಬಯಿ ದೊಡ್ಡದೆಂದು. ಹದಿನೈದು ವರ್ಷ ಆ ಎತ್ತರವನ್ನು ಕಾಯ್ದುಕೊಂಡವರು ಇಲ್ಲದಿದ್ದರೆ ಏರಿದವರ ಹಿರಿಮೆಗೆ ಅಳತೆ ಯಾವುದು?

೪

ಹಾಗಾದರೆ ಸರಿಯಾದ ಓದು ಯಾವುದು? ಇದಕ್ಕೆ ನಾವು ಪರದೇಶದ ಮೀಮಾಂಸೆಗೆ ಹೋಗಬೇಕಾಗಿಲ್ಲ. ರಾಮದುರ್ಗದಿಂದ ಉತ್ತರಕ್ಕೆ ಹೊರಟರೆ ಮುಧೋಳ ಸಿಗುತ್ತದೆ. ಸಾವಿರ ವರ್ಷದ ಹಿಂದೆ ಅಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಇಬ್ಬರು ಸಮಬಲರ ಹೋರಾಟವನ್ನು ಕುರಿತೇ ಒಂದು ಕಾವ್ಯ ಬರೆದ. ಅದರಲ್ಲಿ ಗೆದ್ದವನು ಭೀಮ. ಕವಿ ತನ್ನ ಆಶ್ರಯದಾತನಾದ ಸತ್ಯಾಶ್ರಯನನ್ನು ಆ ಭೀಮನೊಂದಿಗೇ ಸಮೀಕರಿಸಿ ಹೊಗಳಿದ. ಹೊಗಳಬೇಕಾದ ಋಣವಿದ್ದದ್ದು ಗೆದ್ದವನಿಗೆ. ಆದರೂ ಗದಾಯುದ್ಧವನ್ನು ಓದಿ ಮುಗಿಸಿದವನ ಕಣ್ಣ ಮುಂದೆ ನಿಲ್ಲುವವನು ದುರ್ಯೋಧನ. ಬಿ. ಎಂ. ಶ್ರೀಕಂಠಯ್ಯನವರು ಆ ಕಾವ್ಯವನ್ನು ರುದ್ರನಾಟಕದ ಅಚ್ಚಿಗೆ ಇಳಿಸಿದಾಗ ಅವರಿಗೆ ಕಂಡದ್ದೂ ಇದೇ. ರನ್ನ ದುರ್ಯೋಧನನ ತಪ್ಪನ್ನು ಮುಚ್ಚಲಿಲ್ಲ. ಅವನ ಕೇಡಿಗೆ ಅವನೇ ಕಾರಣ ಎಂಬುದನ್ನು ಬಿಡಲಿಲ್ಲ. ಅಷ್ಟನ್ನೂ ಹೇಳಿ, ಅಷ್ಟರ ಮೇಲೆ ಅವನ ಛಲವನ್ನು ನಿಲ್ಲಿಸಿದ. ತಪ್ಪನ್ನು ಮುಚ್ಚಿದ್ದರೆ ಅದು ಅಳುಬುರುಕ ಕಥೆಯಾಗುತ್ತಿತ್ತು; ಛಲವನ್ನು ಮುಚ್ಚಿದ್ದರೆ ಬರಿಯ ನೀತಿಕಥೆಯಾಗುತ್ತಿತ್ತು.

ಮೈಸೂರಿನ ಪಂದ್ಯವನ್ನು ನಾವು ಓದಬೇಕಾದದ್ದು ಹೀಗೆ. ನೂರಮೂವತ್ತಕ್ಕೆ ಉರುಳಿದ್ದು ಕರ್ನಾಟಕದ ಸ್ವಯಂಕೃತಾಪರಾಧ. ಮುನ್ನೂರಮೂವತ್ತೊಂದನ್ನು ಮುಟ್ಟಿದ್ದು ಕರ್ನಾಟಕದ ಛಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನೇ ಈ ಪಂದ್ಯದ ಕವಿ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ಗದಾಯುದ್ಧದಲ್ಲಿ ಕೊನೆಯ ಏಟು ತೊಡೆಗೆ ಬಿತ್ತು. ಗದೆಯ ನಿಯಮಕ್ಕೆ ಅದು ಹೊರಗಿನದು. ಅಗರಕರನ ಚೆಂಡುಗಳು ನಿಯಮದ ಒಳಗಿನವು. ಆದ್ದರಿಂದ ಇಲ್ಲಿ ಸೋತವರ ಹಿರಿಮೆ ಗೆದ್ದವರ ಕಿರಿಮೆಯಿಂದ ಹುಟ್ಟಿದ್ದಲ್ಲ. ಇಬ್ಬರೂ ಹಿರಿಯರಾಗಿ, ಒಬ್ಬರು ಸೋತರು. ಇದು ರನ್ನನಿಗೂ ಸಿಗದ ವಸ್ತು.

ಇಬ್ಬರೂ ಹಿರಿಯರಾಗಿ ನಿಲ್ಲುವ ಸ್ಪರ್ಧೆಯ ಮಾದರಿ ನಮ್ಮಲ್ಲಿ ಇಲ್ಲವೇ? ಇದೆ, ಅದೂ ಬಹಳ ಹತ್ತಿರದಲ್ಲಿ. ರಾಮದುರ್ಗ ತಾಲೂಕಿನ ಹುಲಕುಂದ ಗೀಗೀ ಮೇಳಗಳಿಗೆ ಹೆಸರಾದ ಊರು. ಭೀಮಕವಿಯಂಥವರು ಸ್ವಾತಂತ್ರ್ಯದ ಚಳವಳಿಯನ್ನೇ ಲಾವಣಿಯಾಗಿಸಿ ಹಾಡಿದ ಊರು. ಹರದೇಶಿ-ನಾಗೇಶಿಯ ಮೇಲಾಟವನ್ನು ಕೇಳಿದವರಿಗೆ ಅದರ ಕ್ರಮ ಗೊತ್ತು. ಹರದೇಶಿಯವರು ಗಂಡು ಹೆಚ್ಚೆನ್ನುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚೆನ್ನುತ್ತಾರೆ. ದಪ್ಪಿನ ಮೇಲೆ ಪೆಟ್ಟು ಬೀಳುತ್ತದೆ, ತುಂತುಣಿ ಮಿಡಿಯುತ್ತದೆ. ಒಬ್ಬರ ಸವಾಲಿಗೆ ಇನ್ನೊಬ್ಬರ ಜವಾಬು, ಆ ಜವಾಬಿನ ಹೊಟ್ಟೆಯಲ್ಲೇ ಮತ್ತೊಂದು ಸವಾಲು. ರಾತ್ರಿಯೆಲ್ಲ ಹೀಗೆ ನಡೆದು ಬೆಳಗಿನ ಜಾವಕ್ಕೆ ಎರಡೂ ಮೇಳಗಳು ಒಂದಾಗಿ ಮಂಗಳ ಹಾಡುತ್ತವೆ. ಅಲ್ಲಿ ಕೂತ ರಸಿಕನಿಗೆ ತನ್ನ ಪಕ್ಷ ಇಲ್ಲವೆಂದಲ್ಲ. ಆದರೆ ಎದುರು ಪಕ್ಷ ಬೇಗ ಬ‌ಸವಳಿದರೆ ಅವನಿಗೇ ಬೇಸರ. ಜವಾಬು ಬಲವಾಗಿದ್ದರೇ ಸವಾಲಿಗೆ ಮಾನ.

ಈ ಕಿವಿಯಿಂದ ಕೇಳಿದರೆ ಮೈಸೂರಿನ ಪಂದ್ಯದ ನಾಲ್ಕು ಸರದಿಗಳು ನಾಲ್ಕು ಪದಗಳಂತೆ ಕೇಳಿಸುತ್ತವೆ. ಮೊದಲ ಸವಾಲಿಗೆ ಜವಾಬು ಕುಗ್ಗಿತು. ಎರಡನೆಯ ಸವಾಲು ಇನ್ನೂ ಎತ್ತರದ ಶ್ರುತಿಯಲ್ಲಿ ಬಂತು. ಅದಕ್ಕೆ ಬಂದ ಜವಾಬು ಮೊದಲಿನ ಕುಗ್ಗನ್ನೆಲ್ಲ ಮರೆಸುವಷ್ಟು ಏರಿ, ಕೊನೆಯ ನುಡಿಯಲ್ಲಿ ಉಸಿರು ಸಾಲದೆ ನಿಂತಿತು. ಉಸಿರು ಸಾಲದ್ದನ್ನು ರಸಿಕ ಗುರುತಿಸುತ್ತಾನೆ, ಹಾಡೇ ಇರಲಿಲ್ಲವೆನ್ನುವುದಿಲ್ಲ.

೫

ಗೆಲುವೇ ಬೆಲೆಯಾದರೆ ನಮಗೆ ಮುಂದೆ ಒಳ್ಳೆಯ ದಿನ ಬಂದೇ ಬಂತು. ೨೦೧೫ರಲ್ಲಿ ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಇದೇ ಮುಂಬಯಿಯನ್ನು ಕರ್ನಾಟಕ ಮೊದಲ ಸರದಿಯಲ್ಲಿ ೪೪ ರನ್ನಿಗೆ ಉರುಳಿಸಿತು. ದಾವಣಗೆರೆಯ ವಿನಯ್ ಕುಮಾರ್ ಇಪ್ಪತ್ತು ರನ್ ಕೊಟ್ಟು ಆರು ವಿಕೆಟ್ ತೆಗೆದ. ಕರ್ನಾಟಕ ೨೦೨ ಮತ್ತು ೨೮೬. ಮುಂಬಯಿ ೪೪ ಮತ್ತು ೩೩೨. ಗೆಲುವು ೧೧೨ ರನ್ನುಗಳಿಂದ. ‘ಸೇಡು ತೀರಿತು’ ಎಂದು ಕಟ್ಟೆಯ ಮೇಲೆ ಪೇಢೆ ಹಂಚುವುದಕ್ಕೆ ತಕ್ಕದ್ದೇ. ಆದರೆ ಆ ಅಂಕಿಗಳನ್ನು ಇನ್ನೊಮ್ಮೆ ನೋಡಿರಿ. ಮೊದಲ ಸರದಿಯಲ್ಲಿ ಕುಸಿದು, ನಾಲ್ಕನೆಯ ಸರದಿಯಲ್ಲಿ ಎದ್ದು ನಿಂತು, ಮುನ್ನೂರಮೂವತ್ತರ ಗಡಿ ದಾಟಿ ಸೋತವರು ಈ ಸಲ ಮುಂಬಯಿಯವರು. ಐದು ವರ್ಷದ ಹಿಂದೆ ಕರ್ನಾಟಕದ ೩೩೧. ಈಗ ಮುಂಬಯಿಯ ೩೩೨. ನಮ್ಮ ಸೋಲನ್ನು ‘ವೀರರ ಸೋಲು’ ಎಂದು ನಾವು ಹಾಡಿಕೊಳ್ಳುವುದಾದರೆ ಅವರ ಸೋಲನ್ನೂ ಹಾಗೆಂದು ಹಾಡುವ ಋಣ ನಮ್ಮ ಮೇಲಿದೆ. ಈ ಋಣ ತೀರಿಸಬಲ್ಲೆವೇ? ನಮ್ಮ ವಿಮರ್ಶೆಯ ಪ್ರಾಮಾಣಿಕತೆಗೆ ಇದೇ ಒರೆಗಲ್ಲು. ಒಂದೇ ಬಗೆಯ ಕೃತಿ ನಮ್ಮದಾದಾಗ ಮಹಾಕಾವ್ಯ, ಅವರದಾದಾಗ ಹಾಸ್ಯ ಎನ್ನುವವನು ವಿಮರ್ಶಕನಲ್ಲ, ವಕೀಲ.

ಎರಡರಲ್ಲಿ ಯಾವುದು ಮೇಲಾದ ಪಂದ್ಯವೆಂದು ಕೇಳಿದರೆ, ಗೆದ್ದ ೨೦೧೫ರದ್ದಲ್ಲ, ಸೋತ ೨೦೧೦ರದ್ದೇ ಎಂದು ನನ್ನ ತೀರ್ಪು. ಮೊದಲನೆಯದರಲ್ಲಿ ೪೪ಕ್ಕೆ ಅರ್ಧ ಕಥೆ ಮುಗಿದುಹೋಗಿತ್ತು, ಉಳಿದದ್ದು ವಿಸ್ತರಣೆ. ಎರಡನೆಯದರಲ್ಲಿ ಕೊನೆಯ ವಿಕೆಟ್ ಬೀಳುವವರೆಗೆ ಯಾವ ವಾಕ್ಯವೂ ಪೂರ್ಣವಾಗಿರಲಿಲ್ಲ.

ಹಾಗೆಂದು ಅದು ದೋಷವಿಲ್ಲದ ಕೃತಿಯೆಂದೇನೂ ನಾನು ಹೇಳಲಾರೆ. ಕರ್ನಾಟಕದ ೩೩೧ರಲ್ಲಿ ಇಬ್ಬರ ಪಾಲೇ ೨೧೯. ಉಳಿದ ಒಂಬತ್ತು ಜನ ಮತ್ತು ಇತರೆ ರನ್ನುಗಳು ಸೇರಿ ೧೧೨ ಮಾತ್ರ. ಎರಡು ಪಾತ್ರಗಳ ಮೇಲೆ ನಾಟಕದ ಭಾರವನ್ನೆಲ್ಲ ಹೇರಿದರೆ ಐದನೆಯ ಅಂಕಕ್ಕೆ ರಂಗ ಕುಸಿಯುವುದು ಸಹಜ. ಮುಂಬಯಿಯ ಕಡೆಯ ಸಂವಿಧಾನ ಇದಕ್ಕಿಂತ ಗಟ್ಟಿಯಾಗಿತ್ತು. ಅಲ್ಲಿ ದೊಡ್ಡ ಪಾತ್ರಗಳು ಸೋತಾಗ ಸಣ್ಣ ಪಾತ್ರವೊಂದು ಮುಂದೆ ಬಂದು ೮೭ ರನ್ ಮಾಡಿತು. ಉಪಪಾತ್ರಗಳಿಗೂ ಮಾತು ಕೊಡುವವನೇ ಒಳ್ಳೆಯ ನಾಟಕಕಾರ. ಆ ಆರು ರನ್ನುಗಳನ್ನು ನಸೀಬಿನಲ್ಲಿ ಹುಡುಕುವ ಬದಲು ಇಲ್ಲಿ ಹುಡುಕಿದ್ದರೆ ನಮ್ಮ ಹುಡುಗರಿಗೆ ಉಪಯೋಗವಿತ್ತು.

ಹುಡುಗರ ಮಾತು ಬಂತು; ಅದನ್ನೇ ಹೇಳಿ ಮುಗಿಸುತ್ತೇನೆ. ಮುರಗೋಡದ ಬಯಲಿನಲ್ಲಿ ಸಂಜೆ ಕ್ರಿಕೆಟ್ ಆಡುವ ಹುಡುಗರಿಗೆ ಈ ಪಂದ್ಯವನ್ನು ಹೇಳುವವರು ನಾವೇ. ‘ನಸೀಬ ಇರಲಿಲ್ಲ’ ಎಂದು ಹೇಳಿದರೆ, ಪ್ರಯತ್ನಕ್ಕೆ ಬೆಲೆಯಿಲ್ಲವೆಂದು ಕಲಿಸಿದಂತೆ. ‘ಮುಂಬಯಿಯವರು ಹೀಗೇ’ ಎಂದು ಹೇಳಿದರೆ, ನೆರೆಯವನನ್ನು ದ್ವೇಷಿಸಲು ಕಲಿಸಿದಂತೆ. ‘ಮೊದಲ ದಿನಗಳಲ್ಲಿ ನೂರಮೂರು ಕಳೆದುಕೊಂಡರು, ಕೊನೆಗೆ ತೊಂಬತ್ತೇಳು ಗಳಿಸಿಕೊಂಡರು, ಎದುರಿಗೆ ಇದ್ದವರು ಅಷ್ಟೇ ಗಟ್ಟಿಗರು’ ಎಂದು ಹೇಳಿದರೆ ನಿಜ ಹೇಳಿದಂತೆ. ಕಥೆ ಹೇಳುವ ಈ ಹೊಣೆ ಸಣ್ಣದಲ್ಲ. ಗಡಿಯ ಸೀಮೆಯಲ್ಲಿ ಬದುಕುವವರಿಗಂತೂ ಸಣ್ಣದಲ್ಲವೇ ಅಲ್ಲ.

ಆ ಪಂದ್ಯ ಮುಗಿದ ದಿನ ನಾವು ಎಳ್ಳು-ಬೆಲ್ಲ ಹಂಚಿ, “ಎಳ್ಳು-ಬೆಲ್ಲ ತಗೊಂಡು ಒಳ್ಳೆ ಮಾತಾಡೋಣು” ಎಂದೆವು. ಅದೇ ಹೊತ್ತಿಗೆ ಮುಂಬಯಿಯ ಮನೆಗಳಲ್ಲಿ “ತಿಳಗೂಳ ಘ್ಯಾ, ಗೋಡ ಬೋಲಾ” ಎಂದು ಹೇಳಿ ಅದೇ ಎಳ್ಳನ್ನು, ಅದೇ ಬೆಲ್ಲವನ್ನು ಹಂಚುತ್ತಿದ್ದರು. ಒಳ್ಳೆಯ ಮಾತೆಂದರೆ ಹೊಗಳಿಕೆಯಲ್ಲ. ಗೆದ್ದವನಿಗೆ ಅವನ ಪಾಲಿನದನ್ನೂ ಸೋತವನಿಗೆ ಅವನ ಪಾಲಿನದನ್ನೂ ಸರಿಯಾಗಿ ಅಳೆದುಕೊಡುವ ಮಾತು ಅದು. ವಿಮರ್ಶೆ ಎಂದು ನಾವು ಕರೆಯುವುದೂ ಅದನ್ನೇ.